ಅಪ್ಪನ ಕಾರಿಗೆ ಮಗನ ಕೈ

ಕಾರಿನ ಪೆಟ್ರೋಲ್ ಪಂಪು ಬದಲಿಸುವುದು ಅರ್ಧ ಗಂಟೆಯ ಕೆಲಸ. ಇದು ನನ್ನ ಅಭಿಪ್ರಾಯವಲ್ಲ. ಮೊಬೈಲಿನ ವಿಡಿಯೋದಲ್ಲಿ ಒಬ್ಬ ಮಹಾನುಭಾವ ಮಾಡಿ ತೋರಿಸಿದ್ದ. ಅವನಿಗೆ ಅರ್ಧ ಗಂಟೆಯಾದರೆ ನನಗೆ ಮುಕ್ಕಾಲು ಗಂಟೆ ಸಾಕು ಎಂದು ವಿನಯದಿಂದಲೇ ಅಂದುಕೊಂಡೆ.

ಕಾರು ತೀರಿಕೊಂಡ ಅಪ್ಪನದು. ಇಪ್ಪತ್ತೈದು ವರ್ಷ ದಾಟಿದೆ. ಆ ಕಾಲಕ್ಕೆ ನಮ್ಮ ಬಸವಕಲ್ಯಾಣದಲ್ಲಿ ಫ್ಯೂಯೆಲ್ ಇಂಜೆಕ್ಷನ್ ಗಾಡಿ ಎಂದರೆ ದೊಡ್ಡ ಸುದ್ದಿ. "ಇದಕ್ಕ ಕಾರ್ಬೊರೇಟರ್ ಇಲ್ಲ, ಕರೆಂಟ್ ಪಂಪ್ ಅದ!" ಎಂದು ಅಪ್ಪ ಮುಡಬಿಯಿಂದ ಬಂದ ನೆಂಟರನ್ನೆಲ್ಲ ಕಾರಿನಡಿ ಬಗ್ಗಿಸಿ ತೋರಿಸುತ್ತಿದ್ದ. ಅಕ್ಕ ಮದುವೆಯಾಗಿ ಹುಮನಾಬಾದಿಗೆ ಹೋದದ್ದು ಇದೇ ಕಾರಿನಲ್ಲಿ. ಓಡಿಸಿದ್ದು ಅಪ್ಪನೇ. ಸುಡುಬಿಸಿಲಿನಲ್ಲಿ ದಾರಿಯುದ್ದಕ್ಕೂ ವೈಪರ್ ಹಾಕಿದ್ದ. "ಏನೂ ಕಾಣವಲ್ದು," ಎನ್ನುತ್ತಿದ್ದ. ಮಂಜಾದದ್ದು ಗಾಜಲ್ಲ ಎಂದು ಹೇಳುವ ಧೈರ್ಯ ಹಿಂದೆ ಕುಳಿತಿದ್ದ ನನಗೆ ಇರಲಿಲ್ಲ.

ಈಗ ಅಕ್ಕನ ಮಗಳು ಗೌರಿಯ ಮದುವೆ. ಭಾನುವಾರ, ಹುಮನಾಬಾದಿನಲ್ಲೇ. ಅಕ್ಕ ಕೇಳಿದ್ದು ಒಂದೇ: "ತಮ್ಮಾ, ನಾ ಅಪ್ಪನ ಕಾರಿನ್ಯಾಗ ಬಂದೀನಿ. ನನ್ನ ಮಗಳೂ ಅದರಾಗ ಕುಂತು ಮಂಟಪಕ್ಕ ಹೋಗಲಿ. ತರ್ತಿ ಇಲ್ಲೋ?"

"ತರ್ತೀನಿ ಬಿಡಕ್ಕಾ!" ಎಂದೆ. ಅದೇ ವಾರ ಪಂಪು ಸೋರತೊಡಗಿತು!

"ಮೈನುದ್ದೀನ್ ಭಾಯಿಗಿ ಫೋನ್ ಹಚ್ರಿ," ಎಂದಳು ನನ್ನ ಹೆಂಡತಿ ಮಹಾದೇವಿ. ಆತ ಅಪ್ಪನ ಕಾಲದ ಮೆಕ್ಯಾನಿಕ್.

"ಅಪ್ಪನ ಕಾರಿಗೆ ಮಗನ ಕೈ ತಾಗಬೇಕು."

"ಅದ ಅಂಜಿಕಿ ನನಗ," ಎಂದಳು.

ಅಂಜಿಕೆಯಲ್ಲಿ ನಾನೇನು ಕಡಿಮೆಯೆ? ಶನಿವಾರ ಬೆಳಿಗ್ಗೆ ಒಲೆ, ದೇವರ ದೀಪ, ಊದಿನಕಡ್ಡಿ ಎಲ್ಲವನ್ನೂ ನಿಷೇಧಿಸಿ ಮನೆಗೆ ಆಜ್ಞೆ ಹೊರಡಿಸಿದೆ. ಪಕ್ಕದ ಮನೆಯ ಶರಣಪ್ಪ ಕಾಕಾನ ಬೀಡಿಯನ್ನೂ ಆರಿಸಲು ಹೇಳಿದೆ.

"ನಮ್ಮ ಅಂಗಳದಾಗ ನಾ ಸೇದಾಕತ್ತೇನಪ್ಪಾ!"

"ಗಾಳಿ ಈ ಕಡೆ ಬೀಸಾಕತ್ತದ ಕಾಕಾ!"

ಬ್ಯಾಟರಿಯ ವೈರು ಬಿಚ್ಚಿ ಕಾರಿನಡಿ ತೂರಿದೆ. ಮೊದಲು ಪೈಪಿನ ಒತ್ತಡ ಇಳಿಸಬೇಕೆಂಬ ಮಾತು ವಿಡಿಯೋದಲ್ಲಿ ಜಾಹೀರಾತಿನ ಬೆನ್ನಿಗೇ ಬಂದಿತ್ತಂತೆ. ನಾನು ಎರಡನ್ನೂ ಹಾರಿಸಿದ್ದೆ. ಕ್ಲಿಪ್ಪು ಸಡಿಲಿಸಿದೊಡನೆ ಪೆಟ್ರೋಲು ನೇರ ಮುಖಕ್ಕೆ! ಮಹಾದೇವಿ ಅಂಗಳದ ನಲ್ಲಿಯ ಕೆಳಗೆ ಕೂಡಿಸಿ ಎಮ್ಮೆ ತೊಳೆದಂತೆ ತೊಳೆದಳು. ಹಳೆಯ ಪಂಪು ಕೈಗೆ ಬರುವಷ್ಟರಲ್ಲಿ ದಿನವೇ ಮುಗಿಯಿತು.

ಭಾನುವಾರ ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಳು. "ನಾ ಮುಂದ ಹೋಗಿರ್ತೀನ್ರಿ. ಮನ್ಯಾಗಿಂದ ಒಬ್ಬರರ ಮುಟ್ಟಬೇಕಲ್ಲ!"

ಹೊಸ ಪಂಪನ್ನು ಕೈಗೆತ್ತಿಕೊಂಡೆ. ಪೂಜೆಯಿಲ್ಲದೆ ಕೂಡಿಸುವುದು ಹೇಗೆ? ಅಪ್ಪ ಹೊಸ ಟೈರಿಗೂ ವಿಭೂತಿ ಹಚ್ಚುತ್ತಿದ್ದ. ಮೂರು ಬೆರಳಿನಿಂದ ದಪ್ಪಗೆ ಎಳೆದೆ. ಭಯ ಹೆಚ್ಚಿದ್ದರಿಂದ ಸುತ್ತಲೂ ಎಳೆದೆ. ಜೋಡಿಸಿದೆ. ಒಂದು ಹನಿಯೂ ಸೋರಲಿಲ್ಲ! ಬ್ಯಾಟರಿಯ ವೈರು ಸಿಕ್ಕಿಸಿ ಕೀಲಿ ತಿರುಗಿಸಿದೆ. ಪಂಪು ಗುಂಯ್ ಎಂದಿತು.

ಎಂಜಿನ್ ಏನೂ ಎನ್ನಲಿಲ್ಲ.

ಹತ್ತನೆಯ ಪ್ರಯತ್ನದ ನಂತರ ಸ್ವಾಭಿಮಾನ ಬಿಟ್ಟು ಫೋನ್ ಹಚ್ಚಿದೆ. ಮೈನುದ್ದೀನ್ ಭಾಯಿ ಬಂದಾಗ ಹನ್ನೊಂದೂವರೆ. ಕಾರಿನಡಿ ಮಲಗಿ ಬಟ್ಟೆಯಿಂದ ಪಂಪು ಒರೆಸಿದ. ವಿಭೂತಿಯ ಕೆಳಗಿಂದ ಬಾಣದ ಗುರುತೊಂದು ಮೇಲೆದ್ದಿತು.

"ಪೆಟ್ರೋಲ್ ಯಾವ ಕಡಿ ಹೋಗಬೇಕಂತ ಬಾಣ ಹಾಕ್ಯಾರ್ರೀ. ನೀವ್ ಉಲ್ಟಾ ಕುಂದ್ರಿಸೀರಿ!"

"ಬಾಣ ಕಾಣಲೇ ಇಲ್ಲ ಭಾಯಿ. ಅಪ್ಪ ಮಾಡಿದಂಗ ಪೂಜಾ ಮಾಡಿದೆ."

"ನಿಮ್ಮಪ್ಪನೂ ವಿಭೂತಿ ಹಚ್ತಿದ್ರು ಸಾಹುಕಾರ್. ಫಿಟ್ ಮಾಡಿದ ಮ್ಯಾಲ ಹಚ್ತಿದ್ರು!"

ಅವನಿಗೆ ಇಪ್ಪತ್ತೇ ನಿಮಿಷ ಹಿಡಿಯಿತು.

ನಾನು ಹುಮನಾಬಾದಿನ ಮಂಟಪ ಮುಟ್ಟಿದಾಗ ಅಕ್ಷತೆ ಮುಗಿದು ಜನ ಊಟಕ್ಕೆ ಕುಳಿತಿದ್ದರು. ಗೌರಿ ಆಟೋದಲ್ಲಿ ಬಂದಿದ್ದಳು. ಅವಳ ಹಿಂದೆ ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಮಹಾದೇವಿ ನಿಂತಿದ್ದಳಂತೆ.

ಅಕ್ಕ ಹೊರಗೆ ಬಂದಳು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವಳು ನನ್ನನ್ನು ನೋಡಲೇ ಇಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಅಪ್ಪನೇ ಇಳಿದು ಬಂದನೇನೋ ಎಂಬಂತೆ, "ಬಂದಿ ಏನಪಾ?" ಎಂದಳು. ಸೆರಗಿನಿಂದ ಕನ್ನಡಿ ಒರೆಸಿದಳು. ಆಮೇಲೆ ಗೌರಿಯನ್ನೂ ಅಳಿಯನನ್ನೂ ಊಟದಿಂದ ಎಬ್ಬಿಸಿ ತಂದು ಹಿಂದಿನ ಸೀಟಿನಲ್ಲಿ ಕೂಡಿಸಿದಳು. "ಮಂಟಪಕ್ಕ ಬರೋದು ತಪ್ಪಿತು. ಇಲ್ಲಿಂದ ಗಂಡನ ಮನಿಗರ ಇದರಾಗ ಹೋಗಲಿ."

ನಾನು ಎಣ್ಣೆ ಮಸಿಯ ಅಂಗಿಯಲ್ಲೇ ಎದೆಯುಬ್ಬಿಸಿ ಕಾರಿನ ಬಾಗಿಲ ಪಕ್ಕ ನಿಂತೆ. ಫೋಟೋದವನು ಕ್ಯಾಮೆರಾ ಎತ್ತಿದ. ಮತ್ತೆ ಇಳಿಸಿದ.

"ಡ್ರೈವರ್ ಸಾಬ್, ಸ್ವಲ್ಪ ಬಾಜೂಕ ಸರೀರಿ. ಮನಿ ಮಂದಿ ಫೋಟೋ ಅದ."

ಮಹಾದೇವಿಯ ಮುಖ ನೋಡಿದೆ. ಅವಳು ಸೆರಗು ಸರಿಪಡಿಸಿಕೊಂಡು ಫೋಟೋಕ್ಕೆ ನಿಂತಳು.

ಸರಿದೆ.