ಖಾಲಿ ಹಾಸಿಗೆಗಳ ಷೇರುದಾರ

ಗಂಡನಾದವನು ಮನೆಯಲ್ಲಿ ಲೆಕ್ಕಕ್ಕಿಲ್ಲ ಎಂಬುದನ್ನು ಒಪ್ಪಿಕೊಂಡೇ ನಾನು ಇಷ್ಟು ವರ್ಷ ಸಂಸಾರ ಮಾಡಿದವನು. ಆದರೆ ಆಸ್ಪತ್ರೆಯೊಂದರ ಮಾಲೀಕನನ್ನೂ ಹಾಗೇ ನಡೆಸಿಕೊಂಡರೆ ಹೇಗೆ ಸಹಿಸುವುದು ಹೇಳಿ? ಹೌದು ಸ್ವಾಮಿ, ನಾನು ಆಸ್ಪತ್ರೆಯ ಮಾಲೀಕ. ವಿಯೆಟ್ನಾಮಿನಲ್ಲಿ ಹೊಸದಾಗಿ ಬಾಗಿಲು ತೆರೆದ, ಅರವತ್ತು ಹಾಸಿಗೆಗಳ ಭವ್ಯ ಆಸ್ಪತ್ರೆ. (ಪೂರ್ತಿ ನನ್ನದಲ್ಲ. ಷೇರಿನ ಲೆಕ್ಕ ಹಾಕಿದರೆ ಒಂದು ದಿಂಬಿನ ಒಂದು ಮೂಲೆ ನನ್ನ ಪಾಲಿಗೆ ಬರಬಹುದು.)

ವಿನ್ನಿಪೆಗ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ ನನ್ನ ದೋಣಿಯನ್ನು ಮಾರಿ ಆ ದುಡ್ಡನ್ನು ಅದರಲ್ಲಿ ಹಾಕಿದ್ದೆ. ಯಾಕೆ ಅಂತ ಹೆಂಡತಿ ಲೋವಿಸಾಗೆ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ಅವಳ ಬಲಮಂಡಿ ಸವೆದುಹೋಗಿದೆ. ನಮ್ಮ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಶಸ್ತ್ರಚಿಕಿತ್ಸೆಗೆ ಕಾಸು ಕೊಡಬೇಕಾಗಿಲ್ಲ, ಸರದಿ ಬರಬೇಕು ಅಷ್ಟೆ. ಆ ಸರದಿ ಒಂದೂವರೆ ವರ್ಷದಿಂದ ಬರುತ್ತಲೇ ಇತ್ತು. ಷೇರು ದುಪ್ಪಟ್ಟಾದರೆ ಗಡಿ ದಾಟಿ ಅಮೆರಿಕದಲ್ಲಿ ದುಡ್ಡು ಚೆಲ್ಲಿ ಮಾಡಿಸಿಬಿಡೋಣ ಎಂದು ನನ್ನ ಆಸೆ. ಅವಳು ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಹೀಗಿರುವಾಗ ಮೊದಲ ಮೂರು ತಿಂಗಳ ಲೆಕ್ಕಪತ್ರ ಬಂತು. ಕನ್ನಡಕ ಏರಿಸಿ ಮಹಾ ಅರ್ಥಶಾಸ್ತ್ರಜ್ಞನ ಗತ್ತಿನಲ್ಲಿ ಅಡುಗೆಮನೆ ಮೇಜಿನ ಮುಂದೆ ಕೂತೆ. ಯಂತ್ರಗಳ ಸಾಲ, ವೈದ್ಯರ ಸಂಬಳ, ಕರೆಂಟಿನ ಖರ್ಚು ಎಲ್ಲ ಸೇರಿ ಬರೀ ನಷ್ಟ. ಅರವತ್ತು ಹಾಸಿಗೆಯಲ್ಲಿ ಭರ್ತಿಯಾಗಿದ್ದದ್ದು ಹನ್ನೊಂದು.

“ಅಯ್ಯೋ, ಮಿಕ್ಕಿದ್ದೆಲ್ಲಾ ಖಾಲಿ!” ಎಂದು ತಲೆಯ ಮೇಲೆ ಕೈ ಹೊತ್ತೆ.

ಲೋವಿಸಾ ಸಕ್ಕರೆ ಅಚ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಅದರ ಮೂಲಕ ಕಾಫಿ ಹೀರುತ್ತಿದ್ದಳು. “ಒಳ್ಳೇದೇ ಆಯ್ತಲ್ಲ. ಅಷ್ಟು ಜನ ಆರಾಮಾಗಿದ್ದಾರೆ ಅಂತ.”

“ಅವರು ಆರಾಮಾಗಿದ್ರೆ ನಾವು ಮುಳುಗಿದ್ವಿ ಕಣೇ! ಕಾಯಿಲೆ ಬೀಳ್ಬೇಕು, ಬಂದು ಮಲಗ್ಬೇಕು, ಬಿಲ್ಲು ಕಟ್ಬೇಕು.”

ಕಾಫಿ ಬಟ್ಟಲು ಅರ್ಧದಲ್ಲೇ ನಿಂತಿತು. “ಏನು? ಕಾಯಿಲೆಯೋರ ಹತ್ರ ದುಡ್ಡು ಇಸ್ಕೋತಾರಾ?”

ನಿಜ ಹೇಳಬೇಕೆಂದರೆ ಆ ವಿಷಯ ನನಗೂ ತಿಳಿದದ್ದು ಅವತ್ತೇ, ಆ ಲೆಕ್ಕಪತ್ರ ಓದಿದ ಮೇಲೆ. ಬುದ್ಧಿ ಬಂದಾಗಿನಿಂದ ಆಸ್ಪತ್ರೆಯ ಬಿಲ್ಲನ್ನು ಕಣ್ಣಲ್ಲಿ ಕಾಣದವನು ನಾನು. ರೋಗಿಯ ಜೇಬಿಗೆ ಕೈ ಹಾಕುವುದು ಅಮೆರಿಕದವರೊಬ್ಬರದೇ ಚಾಳಿ, ಉಳಿದ ಲೋಕದಲ್ಲೆಲ್ಲ ಸರ್ಕಾರವೇ ನೋಡಿಕೊಳ್ಳುತ್ತದೆ ಅಂದುಕೊಂಡು ದೋಣಿ ಮಾರಿದ್ದೆ.

“ಯಾರೋ ಪಾಪದೋರು ಜಾರಿ ಬೀಳ್ಲಿ ಅಂತ ಕಾಯ್ಕೊಂಡು ಕೂತಿದೀಯಲ್ಲ ಹೆಲ್ಗಿ, ನಿಂಗೇನು ಬಂತೋ ರೋಗ!”

“ಬಂದಿದ್ರೆ ನಾನೇ ಹೋಗಿ ಒಂದು ಹಾಸಿಗೆ ತುಂಬ್ತಿದ್ದೆ” ಎಂದೆ.

ಆದರೂ ಸುಮ್ಮನೆ ಬಿಡಲಿಲ್ಲ. ಫೋನಿನಲ್ಲೇ ನಡೆಯುವ ಷೇರುದಾರರ ಸಭೆಗೆ ಸಜ್ಜಾದೆ. ಪ್ರಶ್ನೆ ಇರುವವರು ಸ್ಟಾರ್ ಗುಂಡಿ ಒತ್ತಿ ಸರದಿಯಲ್ಲಿ ಕಾಯಬೇಕು. (ಅಲ್ಲೂ ಸರದಿ!) ನಮ್ಮ ಮನೆಯಲ್ಲಿರುವುದು ಗೋಡೆಯ ಫೋನು ಒಂದೇ. ಅದನ್ನು ಕಿವಿಗೆ ಒತ್ತಿಕೊಂಡು, ಅವರು ಹಾಕಿದ ಪಿಟೀಲು ಕೇಳುತ್ತಾ, ಕಾಲು ಜೋಮು ಹಿಡಿಯುವ ತನಕ ನಿಂತೆ.

ಅಷ್ಟರಲ್ಲಿ ಪಕ್ಕದ ಮನೆಯ ಸಿಗ್ಗಾ ಬೂಟಿನ ಹಿಮವನ್ನೂ ಕೊಡವದೆ ನುಗ್ಗಿ ಬಂದಳು.

“ಫೋನ್ ಇಡೋ ಹೆಲ್ಗಿ! ವಿನ್ನಿಪೆಗ್ ಆಸ್ಪತ್ರೆಯೋರು ನಿಮಗೆ ಮಾಡಿ ಮಾಡಿ ಸಾಕಾಗಿ ನಂಗೆ ಮಾಡಿದ್ರು. ಯಾರೋ ಬರಲ್ಲ ಅಂದ್ರಂತೆ, ನಾಳೆಗೆ ಜಾಗ ಇದೆಯಂತೆ. ಈಗ್ಲೇ ಹೂಂ ಅನ್ನದಿದ್ರೆ ಮುಂದಿನೋರಿಗೆ ಕೊಟ್ಬಿಡ್ತಾರೆ!”

ಅದೇ ಗಳಿಗೆಗೆ ಫೋನಿನಲ್ಲಿ ಇಂಪಾದ ಹೆಣ್ಣುದನಿ ಉಲಿಯಿತು. “ಮುಂದಿನ ಪ್ರಶ್ನೆ, ಮ್ಯಾನಿಟೋಬಾದಿಂದ ಶ್ರೀ ಹೆಲ್ಗಿ ಥೋರ್ಡಾರ್ಸನ್.”

ನನ್ನ ಪ್ರಶ್ನೆಯನ್ನು ಕನ್ನಡಿಯ ಮುಂದೆ ನಿಂತು ಉರು ಹೊಡೆದಿದ್ದೆ. ಬಾಯಿಂದ ಹೊರಟದ್ದೇ ಬೇರೆ. “ಎಲ್ಲಾರೂ ಫೋನ್ ಇಡ್ರಿ! ನನ್ನ ಹೆಂಡ್ತಿ ಮಂಡಿ!” ಎಂದು ಕಿರುಚಿ ಫೋನು ಕುಕ್ಕಿದೆ. (ಕಂಪನಿಯವರು ಸಭೆಯ ನಡಾವಳಿಯಲ್ಲಿ ಇದನ್ನೂ ಅಚ್ಚು ಹಾಕಿಸಿದ್ದಾರೆ.)

ಆಸ್ಪತ್ರೆಯವರಿಗೆ ಹೂಂ ಅಂದದ್ದಾಯಿತು, ಮರುದಿನ ಶಸ್ತ್ರಚಿಕಿತ್ಸೆಯೂ ಸಲೀಸಾಗಿ ಆಯಿತು. ಆದರೆ ವಾರ್ಡಿನಲ್ಲಿ ಜಾಗವಿಲ್ಲದೆ ಲೋವಿಸಾಳನ್ನು ಸ್ಟ್ರೆಚರ್ ಸಮೇತ ಕಾರಿಡಾರಿನಲ್ಲೇ ಇಟ್ಟರು. ಕಾರಿಡಾರಿನ ಬಾಗಿಲು ತಾನಾಗಿ ತೆರೆದಾಗಲೆಲ್ಲ ಜನವರಿಯ ಗಾಳಿ ಒಳಗೆ ನುಗ್ಗುತ್ತಿತ್ತು. ಪಕ್ಕದ ಸ್ಟ್ರೆಚರಿನಲ್ಲಿ ಒಬ್ಬ ಮುದುಕ ಕೆಮ್ಮುತ್ತಿದ್ದ.

ಮಂಪರು ಇಳಿದಾಗ ಲೋವಿಸಾ ಕೇಳಿದಳು. “ನಿನ್ನ ಪ್ರಶ್ನೆ ಏನಿತ್ತು ಹೆಲ್ಗಿ?”

“ಇಷ್ಟೊಂದು ಹಾಸಿಗೆ ಖಾಲಿ ಇಟ್ಕೊಂಡಿದೀರಲ್ಲ, ನಾಚಿಕೆ ಆಗಲ್ವಾ ಅಂತ.”

ಅವಳು ಕಾರಿಡಾರಿನುದ್ದಕ್ಕೂ ಸಾಲಾಗಿ ಮಲಗಿದ್ದವರನ್ನು ನೋಡಿ ನಗತೊಡಗಿದಳು. “ನಗಿಸ್ಬೇಡ ಮಾರಾಯ, ಹೊಲಿಗೆ ಎಳೆಯುತ್ತೆ.”

“ಆ ಷೇರು ತಗೊಂಡಿದ್ದು ನಿನ್ನ ಮಂಡಿಗೆ ಅಂತಲೇ ಕಣೇ” ಎಂದು ಒಪ್ಪಿಕೊಂಡುಬಿಟ್ಟೆ.

“ಗೊತ್ತು. ಇಲ್ಲದಿದ್ರೆ ನೀನು ಆ ದೋಣಿ ಮಾರೋನಾ?”

ನನಗೆ ಅಳು ಬಂತು. ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಷ್ಟರಲ್ಲಿ ನರ್ಸಮ್ಮ ಬಂದು, ಒಳಗೆ ಒಂದು ಹಾಸಿಗೆ ಖಾಲಿಯಾಯಿತು, ಲೋವಿಸಾಳನ್ನು ಕರೆದೊಯ್ಯುತ್ತೇನೆ ಅಂದಳು. ಲಾಭಾಂಶ ಘೋಷಣೆಯಾದಂತೆ ನಾನು ಎದ್ದು ಕುಣಿದೆ.

“ಆ ತಾತನ್ನ ಕರ್ಕೊಂಡು ಹೋಗಮ್ಮ, ಪಾಪ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಾರೆ” ಎಂದಳು ಲೋವಿಸಾ. “ನಂಗೇನು, ಗಾಳಿ ತಡೆಯೋಕೆ ಇವನಿದ್ದಾನೆ.”

ತಾತ ಒಳಗೆ ಹೋದ. ಅರವತ್ತು ಹಾಸಿಗೆಗಳ ಮಾಲೀಕನಾದ ನಾನು ಕೋಟು ಬಿಚ್ಚಿ, ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಸಂಜೆಯ ತನಕ ಬಾಗಿಲಿಗೆ ಪರದೆಯಾಗಿ ನಿಂತೆ.

“ಸ್ವಲ್ಪ ಎಡಕ್ಕೆ ಬಾ ಹೆಲ್ಗಿ, ಗಾಳಿ ಬರ್ತಿದೆ” ಎಂದಳು.