ಬಿಸಿನೀರಿನ ಯಂತ್ರದ ತಣ್ಣನೆಯ ಗಾಳಿ

ಯಾರಾದರೂ ಮನೆಗೆ ಬರುತ್ತಾರೆಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಹರಡಿದ್ದನ್ನೆಲ್ಲ ಎತ್ತಿಟ್ಟು, ಕಸ ಗುಡಿಸಿ, ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಹಿಂದೆ ನಿಂತರೇ ಸಮಾಧಾನ. ನಿಮ್ಮ ತಾತ ಇದ್ದಾಗ ಬಂದವರೊಡನೆ ಅವರೇ ಮಾತಾಡುತ್ತಿದ್ದರು. ಈಗ ನನ್ನ ಬದಲು ಮನೆಯಾದರೂ ಮಾತಾಡಲಿ ಎಂಬ ಆಸೆಯಿರಬೇಕು. ಈ ಗುಣದಿಂದ ಒಬ್ಬ ಕರೆಂಟಿನ ಮಿಸ್ತ್ರಿಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ನಿಮ್ಮಪ್ಪ ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಬರೆದಿಡುತ್ತೇನೆ, ಮೊಮ್ಮಕ್ಕಳೇ.

ಧರೂರಿನ ಈ ಮನೆಗೆ ನಿಮ್ಮಪ್ಪ ನೀರು ಕಾಯಿಸುವ ಹೊಸ ಯಂತ್ರ ತಂದ. ಹೀಟ್ ಪಂಪ್ ಅಂತ ಹೆಸರು. ಗೀಜರಿನಂತೆ ಕರೆಂಟು ನುಂಗುವುದಿಲ್ಲ, ಸುತ್ತಲಿನ ಗಾಳಿಯ ಶಾಖವನ್ನೇ ಎಳೆದು ನೀರಿಗೆ ಕೊಡುತ್ತದಂತೆ. ನಮ್ಮ ಕಡೆಯ ಗಾಳಿಯಲ್ಲಿ ಶಾಖಕ್ಕೇನು ಕಡಿಮೆ! ಅದನ್ನು ಹಿತ್ತಲ ಪಡಸಾಲೆಯಲ್ಲಿ ಕೂರಿಸಿದರು. ಶಾಖ ಕಳೆದುಕೊಂಡ ಗಾಳಿ ಯಂತ್ರದಿಂದ ತಣ್ಣಗೆ ಹೊರಗೆ ಬರುವುದನ್ನು ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ನನ್ನ ಚಾಪೆ ಅದರ ಮುಂದೆ ಹೋಯಿತು. ಅದರ ನೆತ್ತಿಯ ಮೇಲೆ ಮಜ್ಜಿಗೆಯ ಗಡಿಗೆ, ಒದ್ದೆ ಬಟ್ಟೆ ಸುತ್ತಿದ ನೀರಿನ ಬಿಂದಿಗೆ ಏರಿದವು. ಸಂಜೆ ನಿಮ್ಮಪ್ಪ ಬರುವ ಹೊತ್ತಿಗೆ ಎಲ್ಲವೂ ಒಳಗೆ.

ಸ್ವಲ್ಪ ದಿನಕ್ಕೆ ಯಂತ್ರ ಟ್ರಿಪ್ ಆಗತೊಡಗಿತು. ಟಪ್ಪೆಂದು ಇಡೀ ಮನೆಯ ಕರೆಂಟು ಹೋಗುತ್ತಿತ್ತು. ಗದ್ವಾಲದಿಂದ ಮಿಸ್ತ್ರಿ ಮಹಬೂಬ ಬಂದ. ಟೆಸ್ಟರ್ ಹಿಡಿದು ವೈರು, ಅರ್ಥಿಂಗ್, ಕಾಯಿಲು ಎಲ್ಲ ನೋಡಿದ. ದೋಷವಿಲ್ಲ. ಅವನು ಹೋದ, ಕರೆಂಟೂ ಹೋಯಿತು. ಮತ್ತೆ ಬಂದು ಕರೆಂಟು ಕಡಿಯುವ ಆ ಟ್ರಿಪ್ಪರನ್ನೇ ಬದಲಿಸಿದ. ಮತ್ತೆ ಅದೇ ಕಥೆ.

"ಎಲ್ಲಾ ಬರಾಬರ್ ಐತ್ರೀ ಅಣ್ಣಾ. ನಾ ಬಂದ್ರ ಇದಕ್ಕ ಯಾ ರೋಗಾನೂ ಇರಂಗಿಲ್ಲ," ಎಂದ.

"ಹಂಗಾರ ನಿನ್ನನ್ನ ಇಲ್ಲೇ ಕಟ್ಟಿ ಹಾಕ್ಲೇನು?" ಎಂದು ನಿಮ್ಮಪ್ಪ ರೇಗಿದ. ಆಮೇಲೆ ನನ್ನ ಕಡೆ ತಿರುಗಿ, "ನಾಳಿ ಇದನ್ನ ಅಂಗಡಿಗೆ ವಾಪಸ್ ಕಳಸಾಕ ಗಾಡಿ ಹೇಳೀನಿ. ಚಿಂತಿ ಮಾಡಬ್ಯಾಡವ್ವಾ, ಗ್ಯಾಸಿನ ಮ್ಯಾಲ ನೀರು ಕಾಸಿ ಕೊಡ್ತೀವಿ," ಎಂದ.

ನೀರು ಯಾರಿಗೆ ಬೇಕಿತ್ತು! ನನ್ನ ಜೀವ ಇದ್ದದ್ದು ಆ ಗಾಳಿಯಲ್ಲಿ. ಆದರೆ ಮಗನ ಮುಂದೆ ಹಾಗೆನ್ನಲು ನಾಲಿಗೆ ಏಳಲಿಲ್ಲ. ಮರುದಿನ ಗಾಡಿ ಬರುವುದರೊಳಗೆ ಒಂದು ಕೊನೆಯ ನಿದ್ದೆ ಆಗಲೆಂದು ಗಡಿಗೆ, ಬಿಂದಿಗೆ ಇಟ್ಟು ಚಾಪೆ ಹಾಸಿದೆ. ಸೋಲೊಪ್ಪದ ಮಹಬೂಬ ಅಂದು ಫೋನೂ ಮಾಡದೆ ಹಿತ್ತಲ ಬಾಗಿಲಿನಿಂದಲೇ ಬಂದುಬಿಟ್ಟ.

"ಅವ್ವಾ! ಏನ್ರೀ ಇದು, ಗಡಿಗಿ ಅಂಗಡಿ?"

ನಾನು ಗಡಬಡಿಸಿ ಎದ್ದು ಸೆರಗು ಹುಡುಕಿದೆ. ಅವನು ಬಿಂದಿಗೆ ಎತ್ತಿದ. "ಇಲ್ನೋಡ್ರಿ, ಈ ಅರಿವೀಲಿಂದ ನೀರು ಹನಿಹನಿ ವೈರಿನ ಡಬ್ಬಿಗೇ ಇಳಿಯಾಕತ್ತೈತಿ. ಟ್ರಿಪ್ ಆಗದ ಏನ್ ಮಾಡೀತು? ನಾ ಬಂದಾಗೆಲ್ಲ ಇವು ಎಲ್ಲಿದ್ವು?"

ಅಡಗಲು ಹತ್ತಿರದಲ್ಲಿ ಬಾಗಿಲಿರಲಿಲ್ಲ. "ಮಂದಿ ಬರ್ತಾರಂದ್ರ ಎತ್ತಿ ಇಡಬಾರ್ದೇನಪ್ಪಾ?" ಎಂದೆ.

ಮಹಬೂಬ ಹಣೆ ಹಿಡಿದು ಕೂತ. "ಯಾ ಅಲ್ಲಾ! ಡಾಕ್ಟರ್ ಬಂದ್ರ ಜ್ವರಾನ ಅಡಿಗಿ ಮನ್ಯಾಗ ಬಚ್ಚಿಡ್ತಾರೇನ್ರೀ?"

ಗಾಡಿ ಖಾಲಿ ಹಿಂತಿರುಗಿತು, ಯಂತ್ರ ಉಳಿಯಿತು. ಗಡಿಗೆ, ಬಿಂದಿಗೆ ನೆಲಕ್ಕಿಳಿದವು. ಆದರೆ ನೀರು ಕಾದರೆ ಯಂತ್ರ ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಬೇಸಿಗೆಯಲ್ಲಿ ಬಿಸಿನೀರನ್ನು ಮುಟ್ಟುವವರು ಯಾರು? ಆದ್ದರಿಂದ ಕಾದ ನೀರು ಖಾಲಿಯಾಗಿ ಯಂತ್ರ ಮತ್ತೆ ಓಡಲೆಂದು ಉರಿಬಿಸಿಲಲ್ಲಿ ನಾನೇ ಹಬೆಯಾಡುವ ನೀರನ್ನು ಮೈಮೇಲೆ ಹೊಯ್ದುಕೊಂಡು, ಬೆವೆತು, ಆ ಬೆವರು ಆರಿಸಿಕೊಳ್ಳಲು ಗಾಳಿಗೆ ಓಡುತ್ತೇನೆ. ಈ ವಯಸ್ಸಿನಲ್ಲೂ ಎರಡು ಹೊತ್ತು ಸ್ನಾನ, ಎಂಥ ಮಡಿವಂತಿಕೆ ಎಂದು ಓಣಿಯವರು ಹೊಗಳುತ್ತಾರೆ. ನಾನು ನಾಚಿ ತಲೆ ತಗ್ಗಿಸುತ್ತೇನೆ. ಅದನ್ನೂ ಅವರು ವಿನಯವೆಂದೇ ಎಣಿಸುತ್ತಾರೆ.