ಚಿಕ್ಕಪ್ಪನ ಸೊಂಟ, ನನ್ನ ಮಾನ

ನಮ್ಮ ಚಿಕ್ಕಪ್ಪನ ಜೊತೆ ತರಕಾರಿ ಮಾರ್ಕೆಟ್ಟಿಗೆ ಹೋಗಿ ಮಾನ ಉಳಿಸಿಕೊಂಡು ಬಂದವರು ಯಾರಾದರೂ ಇದ್ದರೆ ಕರೆತನ್ನಿ, ಕಾಲಿಗೆ ಬೀಳುತ್ತೇನೆ! ಕೇಂದ್ರ ಸರ್ಕಾರದ ಗುಮಾಸ್ತರು, ಬ್ರಹ್ಮಚಾರಿ, ದೇಶದ ರಾಜಧಾನಿಯಲ್ಲಿ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನಲ್ಲೇ ವಾಸ. ಜನ್ಮದಲ್ಲಿ ಆಡಿದ್ದು ಚಿನ್ನಿದಾಂಡು ಒಂದೇ. ಆದರೆ ನಾನು ಶಾಲೆಯ ಸಾಫ್ಟ್‌ಬಾಲ್ ತಂಡ ಸೇರಿದ ವರ್ಷವೇ ನಮ್ಮ ಕೋಚ್ ಕೆಲಸ ಬಿಟ್ಟು ಹೋದರು ನೋಡಿ, ಇವರು ಟೊಂಕ ಕಟ್ಟಿ ನಿಂತರು.

"ಬ್ಯಾಟ್ ಬೀಸೋದು ನಾನು ಹೇಳಿಕೊಡ್ತೀನಿ. ಇದೂ ಚಿನ್ನಿದಾಂಡಿನ ತಂಗಿ ತಾನೆ?"

ಅವರ ವಿದ್ಯೆಯೆಲ್ಲ ಸೊಂಟದಲ್ಲಿತ್ತು. "ಮೊದಲು ಸೊಂಟ ತಿರುಗಬೇಕು ಪುಟ್ಟಿ, ಕೈ ಅದರ ಹಿಂದೆ ಬರಬೇಕು. ಕೈಗೆ ಅವಸರ ಜಾಸ್ತಿ, ನಂಬಬೇಡ." ಇದನ್ನು ತೋರಿಸಲು ಬ್ಯಾಟೇ ಬೇಕೆಂದಿದೆಯೇ? ಮಾರ್ಕೆಟ್ಟಿನಲ್ಲಿ ಸೋರೆಕಾಯಿ ಕಂಡಿತು. ಎರಡೂ ಕೈಯಲ್ಲಿ ಹಿಡಿದು, ಮಂಕಿ ಕ್ಯಾಪಿನ ತಲೆ ಅಲ್ಲಾಡದಂತೆ ಗರ್ರನೆ ತಿರುಗಿದರು. ತರಕಾರಿ ಭಯ್ಯಾ ಕೇಳಿದ, "ಬಾಬೂಜಿ, ಲೌಕಿ ಲೇನೀ ಹೈ ಯಾ ಖೇಲ್ನಾ ಹೈ?" ಸೋರೆಕಾಯಿ ಕೊಳ್ಳೋದೋ, ಆಡೋದೋ ಅಂತ! ನಾನು ಆಲೂಗಡ್ಡೆ ಮೂಟೆಗಳ ಹಿಂದೆ ಮರೆಯಾದೆ.

ಚಳಿ ಇನ್ನೂ ಏರಿತು. ಬಿಸಿಲಿಗೆ ಎಲ್ಲರ ರಜಾಯಿಗಳೂ, ಆ ಹತ್ತಿ ತುಂಬಿದ ದಪ್ಪ ಹೊದಿಕೆಗಳು, ತಂತಿಯ ಮೇಲೇರಿದವು. ಚಿಕ್ಕಪ್ಪನಿಗೆ ಅಷ್ಟು ಸಾಕಾಯಿತು! ನಮ್ಮ ತಂಡದ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ರಜಾಯಿಗೆ ಬ್ಯಾಟಿನಿಂದ ಹೊಡೆಸಿದರು. "ಕೈಯಿಂದ ಹೊಡೆದರೆ ಬರೀ ಧೂಳು ಏಳುತ್ತೆ. ಸೊಂಟದಿಂದ ಹೊಡೀರಿ, ರಜಾಯಿನೇ ಏಳುತ್ತೆ!" ನಮ್ಮ ಹೊಡೆತ ಸುಧಾರಿಸಿತೋ ಇಲ್ಲವೋ, ಪಕ್ಕದ ಬ್ಲಾಕಿನ ಆಂಟಿ ಮಾತ್ರ ಬಂದು, ನಾಳೆ ತಮ್ಮ ಹಾಸಿಗೆಯನ್ನೂ ತರಲೇ ಎಂದು ವಿಚಾರಿಸಿದರು: "ಭಾಯ್ ಸಾಬ್, ಕಲ್ ಗದ್ದಾ ಭೀ ಲೇ ಆವೂಂ?"

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಚಿಕ್ಕಪ್ಪ ಸೆಮಿಫೈನಲ್ಲಿಗೂ ಬಂದು, ನಾನು ಬ್ಯಾಟ್ ಎತ್ತಿದಾಗಲೆಲ್ಲ "ಸೊಂಟಾ! ಪುಟ್ಟಿ, ಸೊಂಟಾ!" ಎಂದು ಅರಚಿ, ಬೇಲಿಯ ಪಕ್ಕ ತಾವೇ ಕುಣಿದು ತೋರಿಸಿದರು. ಗೆದ್ದೆವು, ನಿಜ. ಆದರೆ ಗೆಳತಿಯರು ಚಿಕ್ಕಪ್ಪನ ಕುಣಿತವನ್ನು ಹೊಗಳದೆ ಬಿಡುತ್ತಾರೆಯೇ? "ಯಾರ್, ತೇರೇ ಚಾಚಾ ನಾಚ್ತೇ ಅಚ್ಛಾ ಹೈಂ!" ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಬಂದವಳೇ ಅತ್ತುಬಿಟ್ಟೆ. "ಅಮ್ಮಾ, ಫೈನಲ್ಲಿಗೆ ಚಿಕ್ಕಪ್ಪ ಬರೋದು ಬೇಡ. ಮಾನ ಹೋಗುತ್ತೆ."

ಪಕ್ಕದ ಕೋಣೆಯಲ್ಲಿ ಶೂ ಪಾಲಿಶ್ ಮಾಡುತ್ತಿದ್ದ ಸದ್ದು ನಿಂತಿತು. ಆಮೇಲೆ ಚಿಕ್ಕಪ್ಪನ ದನಿ ಕೇಳಿತು. "ಅಚ್ಛಾ. ನನಗೂ ಅವತ್ತು ಆಫೀಸಿದೆ."

ಫೈನಲ್ ಶನಿವಾರ ಇತ್ತು. ಅವರ ಆಫೀಸಿಗೆ ರಜಾ.

ಕೊನೆಯ ಸರದಿ ನನ್ನದು. ಒಂದು ರನ್ ಬಂದರೆ ಗೆಲುವು. ಮೊದಲ ಎಸೆತಕ್ಕೆ ಬೀಸಿದೆ, ತಪ್ಪಿತು. ಎರಡನೆಯದಕ್ಕೂ ಗಾಳಿಯೇ ಸಿಕ್ಕಿತು. ಕೈಗಳು ಸೊಂಟಕ್ಕಿಂತ ಮುಂದೆ ಓಡುತ್ತಿದ್ದವು. ಇನ್ನೊಂದು ತಪ್ಪಿದರೆ ಔಟ್. ದಿಕ್ಕು ತೋಚದೆ ಕಣ್ಣೆತ್ತಿ ನೋಡಿದೆ.

ಮೈದಾನದ ಗೋಡೆಯಾಚೆ, ರಸ್ತೆಯಲ್ಲಿ, ಒಂದು ಮಂಕಿ ಕ್ಯಾಪ್! ಗೋಡೆಯ ಮೇಲಿಂದ ಮುಖವಷ್ಟೇ ಕಾಣುವಂತೆ ನಿಂತು, ಮಫ್ಲರನ್ನು ಎರಡೂ ಕೈಯಲ್ಲಿ ಬಾಯಿಗೆ ಒತ್ತಿ ಹಿಡಿದಿದ್ದರು. ಎಲ್ಲಿ ದನಿ ಹೊರಬಂದು ನನ್ನ ಮಾನ ಹೋದೀತೋ ಎಂದು! ಆದರೂ ಕ್ಯಾಪು ಸುಮ್ಮನಿರಲಿಲ್ಲ. ಗೋಡೆಯ ಹಿಂದಿನ ಸೊಂಟದ ಜೊತೆ ಎಡಕ್ಕೂ ಬಲಕ್ಕೂ ತಿರುಗುತ್ತಲೇ ಇತ್ತು.

ಅಷ್ಟು ದಿನ ಪಟ್ಟ ನಾಚಿಕೆಯೆಲ್ಲ ಒಟ್ಟಾಗಿ ನನ್ನ ಮೇಲೇ ತಿರುಗಿಬಿತ್ತು. ಆಟ ನಿಲ್ಲಿಸುವಂತೆ ಅಂಪೈರಿಗೆ ಕೈ ಎತ್ತಿ ತೋರಿಸಿ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದೆ:

"ಚಿಕ್ಕಪ್ಪಾ! ಒಳಗೆ ಬನ್ನಿ! ಸೊಂಟ ಅನ್ನಿ!"

ಮಫ್ಲರ್ ಕೆಳಗಿಳಿಯಿತು. ಬಾಯಿ ತೆರೆಯಿತು. ಆದರೆ ಆವತ್ತು, ಜೀವಮಾನದಲ್ಲಿ ಮೊದಲ ಸಲ, ನಮ್ಮ ಚಿಕ್ಕಪ್ಪನಿಗೆ ದನಿಯೇ ಹೊರಡಲಿಲ್ಲ.